ಮಾಸಿನ ಹೆಪ್ಪು

ಕಾರ್ತಿಕದ ಚಳಿ ಹುಣಸೆಮರದ ಬುಡದಲ್ಲಿ ಇನ್ನೂ ಕೂತೇ ಇತ್ತು. ಪಿಳ್ಳಮ್ಮನ ಹುಳುಮನೆಯಲ್ಲಿ ಅಂದು ರೇಷ್ಮೆಹುಳು ಹಣ್ಣಾಗುವ ದಿನ. ಹಸಿರು ಬಣ್ಣ ಬಿಟ್ಟು, ಮೈಯೆಲ್ಲ ಮಾಗಿದ ದ್ರಾಕ್ಷಿಯಂತೆ ತಿಳಿಯಾಗಿ, ಸೊಪ್ಪಿನ ಕಡೆ ತಿರುಗಿಯೂ ನೋಡದೆ ತಲೆಯೆತ್ತಿ ಆಡಿಸುತ್ತಿದ್ದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಸೊಪ್ಪು ಕತ್ತರಿಸುವುದಕ್ಕೆ ಯಂತ್ರ ಬಂದಿತ್ತು. ಬಿಸಿಯೆಷ್ಟು, ತೇವವೆಷ್ಟು ಎಂದು ಗೋಡೆಯ ಮೇಲಿನ ಪೆಟ್ಟಿಗೆ ತಾನೇ ನೋಡಿಕೊಂಡು ಕಿಟಕಿ ತೆಗೆದು ಮುಚ್ಚುತ್ತಿತ್ತು. ಹಣ್ಣು ಯಾವುದು, ಕಾಯಿ ಯಾವುದು ಎಂದು ಆರಿಸುವ ಯಂತ್ರವೂ ಒಂದು ಸಲ ಬಂದು, ಅರ್ಧ ಹುಳುಗಳನ್ನು ಹಿಚುಕಿ ಹಾಕಿ ವಾಪಸು ಹೋಗಿತ್ತು. ಆ ಕೆಲಸ ಈಗಲೂ ಹೆಂಗಸರ ಬೆರಳಿನದೇ.

ಸೊಸೆ ರೂಪಶ್ರೀ ದಿನ ತುಂಬಿದ ಬಸುರಿ. ಬೇಡವೆಂದರೂ ಕೇಳದೆ ಮಣೆ ಹಾಕಿಕೊಂಡು ಬಾಗಿಲ ಬಳಿ ಕೂತು ಹುಳು ಆರಿಸುತ್ತಿದ್ದಳು. ಕೂಲಿಗೆ ಬಂದಿದ್ದ ದ್ಯಾವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಏನಮ್ಮ ರೂಪ, ನೀನೂ ಹಣ್ಣಾದಂಗೆ ಕಾಣ್ತೀಯ. ನಿನ್ನನ್ನೂ ಎತ್ತಿ ಚಂದ್ರಿಕೆಗೆ ಬಿಡೋದಾ?"

"ನಿನ್ನ ಕೈಲಿ ಎತ್ತಕ್ಕಾದ್ರೆ ಎತ್ತು, ದೊಡ್ಡಮ್ಮ."

ಹೆಂಗಸರು ನಕ್ಕರು. ದ್ಯಾವಮ್ಮ ಅಷ್ಟಕ್ಕೇ ಬಿಡುವವಳಲ್ಲ. ಪಿಳ್ಳಮ್ಮನ ಕಡೆ ತಿರುಗಿದಳು.

"ಅಕ್ಕ, ಇವಳ ಮಾಸನ್ನ ಪ್ಯಾಟೆಗೆ ಕಳಿಸ್ತೀಯಂತೆ, ದಿಟವೇ? ಹಸುವಿನ ಮಾಸು ಬಿದ್ರೇನೇ ನಾಯಿ ಬಾಯಿಗೆ ಸಿಗಬಾರದು ಅಂತ ಹುಲ್ಲಲ್ಲಿ ಸುತ್ತಿ ಆಲದಮರಕ್ಕೆ ಕಟ್ತೀವಿ. ಮನುಷ್ಯರದನ್ನ ಪೆಟ್ಟಿಗೇಲಿಟ್ಟು ಹಾರಿಸಿಬಿಟ್ರೆ, ಆ ಮಗೀಗೆ ಊರಲ್ಲಿ ಕಾಲು ನಿಂತಾತಾ?"

"ನಿಂದು ನಿಮ್ಮಪ್ಪನ ಹಿತ್ತಲಲ್ಲೇ ಹೂತಿದ್ರಲ್ಲ, ನಿಂಗೆಲ್ಲಿ ಕಾಲು ನಿಂತದೆ? ಬೆಳಕಾದ್ರೆ ಊರ ಮನೆಗಳನ್ನೆಲ್ಲ ಸುತ್ತಿ ಬಂದಿರ್ತೀಯ," ಎಂದಳು ಪಿಳ್ಳಮ್ಮ, ಕೈಯಲ್ಲಿದ್ದ ಹುಳುವಿನಿಂದ ಕಣ್ಣು ತೆಗೆಯದೆ.

ಮಾತು ಹಗುರವಾಗಿ ತೇಲಿಹೋಯಿತು. ಆದರೆ ದ್ಯಾವಮ್ಮ ಆಡಿದ್ದು ಊರಿನ ಮಾತೇ. ಆ ಊರಿನಲ್ಲಿ ಮಗು ಹುಟ್ಟಿದ ಮೇಲೆ ಬೀಳುವ ಮಾಸನ್ನು ಹೊಸ ಕುಡಿಕೆಯಲ್ಲಿಟ್ಟು, ಮೇಲೆ ಅರಿಶಿನ ಕುಂಕುಮ ಉದುರಿಸಿ, ಒಂದು ಹಿಡಿ ಉಪ್ಪು, ಒಂದು ವೀಳ್ಯದೆಲೆ ಹಾಕಿ, ಹಿತ್ತಲಲ್ಲಿ ಹೂತು ಚಪ್ಪಡಿ ಮುಚ್ಚುವುದು ಪದ್ಧತಿ. ಒಂಬತ್ತು ತಿಂಗಳು ಮಗುವನ್ನು ಸಾಕಿದ್ದು ಅದು. ಸಾಕಿದವಳನ್ನು ಬರಿಮೈಯಲ್ಲಿ ಕಳಿಸಬಾರದು ಎನ್ನುತ್ತಿದ್ದರು ಹಿರಿಯರು. ಹೆರಿಗೆಗಳೆಲ್ಲ ಆಸ್ಪತ್ರೆ ಸೇರಿದ ಮೇಲೂ, ಅಲ್ಲಿಂದ ಡಬ್ಬಿಯಲ್ಲಿ ಮಾಸನ್ನು ಕೇಳಿ ತಂದು ಹೂಳುವ ಮನೆಗಳು ಊರಲ್ಲಿ ಉಳಿದಿದ್ದವು. ಅದರಲ್ಲಿ ಪಿಳ್ಳಮ್ಮನ ಮನೆಯೇ ಮೊದಲನೆಯದು. ಅಂಥವಳು ಮಾಸನ್ನು ಕೊಡಲು ಒಪ್ಪಿದ್ದಾಳೆ ಎಂದರೆ ಜನಕ್ಕೆ ನಂಬಿಕೆ ಬರುವುದು ಹೇಗೆ?

ಒಪ್ಪಿದ್ದು ಶಶಿರೇಖಳಿಗಾಗಿ.

ಶಶಿರೇಖ ಪಕ್ಕದ ಬೀದಿಯವಳು, ಸತ್ತ ಆಂಜಿನಮ್ಮನ ಮಗಳು. ಊರೊಳಗೇ ಸೋದರಮಾವನ ಮಗನಿಗೆ ಕೊಟ್ಟಿದ್ದರು. ಮೊದಲ ಸಲ ಬಸುರಾದಾಗ ಹೊಟ್ಟೆ ಚೆನ್ನಾಗಿ ಬಂದಿತ್ತು. ನೋಡಿದವರೆಲ್ಲ ಗಂಡೇ, ಗುಂಡುಕಲ್ಲಿನಂಥ ಗಂಡು ಎಂದರು. ಬಯಕೆ ಊಟಕ್ಕೆ ಕರೆದು ಕರೆದು ಹೋಳಿಗೆ, ಪಾಯಸ ಬಡಿಸಿದರು. ಒಂಬತ್ತರಲ್ಲಿ ಮಗು ಆಡುವುದು ನಿಂತಿತು. ಹೊರಗೆ ತೆಗೆದಾಗ ನಿಜಕ್ಕೂ ಗುಂಡುಕಲ್ಲಿನಂಥ ಗಂಡೇ, ಉಸಿರು ಮಾತ್ರ ಇರಲಿಲ್ಲ. ಬಸುರಿನಲ್ಲಿ ಬಂದ ಸಕ್ಕರೆ ಕಾಯಿಲೆ ಎಂದು ಗೊತ್ತಾದದ್ದು ಆಮೇಲೆ.

ಎರಡನೆಯ ಸಲ ಅವಳು ಯಾರ ಮನೆಯ ಊಟಕ್ಕೂ ಹೋಗಲಿಲ್ಲ. ಮುದ್ದೆಯನ್ನೂ ಅಳೆದು ತಿಂದಳು. ಹೊಟ್ಟೆಗೆ ತಾನೇ ಸೂಜಿ ಚುಚ್ಚಿಕೊಂಡಳು. ತಾಯಿಯಿಲ್ಲದ ಹುಡುಗಿಯೆಂದು ತಾಲ್ಲೂಕಿನ ಜರಾಯು ಕೇಂದ್ರಕ್ಕೆ ಪ್ರತಿ ಸಲವೂ ಪಿಳ್ಳಮ್ಮನೇ ಜೊತೆಗೆ ಹೋಗುತ್ತಿದ್ದಳು. ಮಾಸಿಗೆ ಪುಸ್ತಕದಲ್ಲಿ ಜರಾಯು ಎನ್ನುತ್ತಾರೆಂದು ಪಿಳ್ಳಮ್ಮ ಕಲಿತದ್ದು ಅಲ್ಲಿನ ಬೋರ್ಡು ಓದಿಸಿಕೊಂಡು.

ಅಲ್ಲಿ ಒಂದು ತಣ್ಣನೆಯ ಕೋಣೆ. ಹೊಟ್ಟೆಗೆ ಅಗಲವಾದ ಪಟ್ಟಿ ಕಟ್ಟಿದರೆ ಒಳಗಿನ ಮಾಸು ಗೋಡೆಯಷ್ಟು ದೊಡ್ಡದಾಗಿ ತೆರೆಯ ಮೇಲೆ ಮೂಡುತ್ತಿತ್ತು. ರಕ್ತ ಹರಿಯುವ ಕಡೆ ಕೆಂಪು, ನಿಂತ ಕಡೆ ಬೂದಿ. ದೀಪಾವಳಿಗೆ ಮುಂಚೆ ಹೋದಾಗ ಬೂದಿಯೇ ಹೆಚ್ಚಾಗಿತ್ತು. ಡಾಕ್ಟರ್ ವಾರಿಜ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿ ಬಹಳ ಹೊತ್ತು ನೋಡಿದರು.

"ಮಾಸು ಚೆನ್ನಾಗಿ ಬೆಳೆದಿದೆ ಅನ್ನಿಸುತ್ತೆ, ಅಲ್ವಾ? ಬೇಕಾದ್ದಕ್ಕಿಂತ ದಪ್ಪ, ಬೇಕಾದ್ದಕ್ಕಿಂತ ಭಾರ. ಕೆಲಸ ಮಾತ್ರ ಕಮ್ಮಿ."

"ದಪ್ಪಗಿದ್ರೆ ಒಳ್ಳೇದಲ್ವಾ?" ಎಂದಳು ಪಿಳ್ಳಮ್ಮ.

"ಇದರಲ್ಲಿ ಬೇರಿನ ಕೂದಲಿನಂಥ ಎಳೆಗಳಿರುತ್ತವೆ ಅಮ್ಮ. ಎಳೆಯ ಒಳಗೆ ಮಗುವಿನ ರಕ್ತ, ಹೊರಗೆ ತಾಯಿ ರಕ್ತ. ನಡುವೆ ಈರುಳ್ಳಿ ಪೊರೆಗಿಂತ ತೆಳುವಾದ ಗೋಡೆ. ಊಟ, ಉಸಿರು ಎರಡೂ ಆ ಗೋಡೆ ದಾಟಿ ಮಗುವಿಗೆ ಹೋಗಬೇಕು. ಸಕ್ಕರೆ ಹೆಚ್ಚಾದ ರಕ್ತ ಹರಿದೂ ಹರಿದೂ ಗೋಡೆ ದಪ್ಪ ಆಗಿದೆ, ಎಳೆಗಳು ಬಲಿಯದೆ ನಿಂತಿವೆ. ಸಕ್ಕರೆ ಹೇಗಾದರೂ ದಾಟುತ್ತೆ. ಉಸಿರು ದಾಟೋದಿಲ್ಲ. ಮಗು ಉಂಡು ಉಂಡು ಉಬ್ಬುತ್ತೆ, ಉಸಿರಿಗೆ ಮಾತ್ರ ಒದ್ದಾಡುತ್ತೆ."

ಶಶಿರೇಖ ಮಲಗಿದ್ದಲ್ಲೇ ತಲೆಯೆತ್ತಿದಳು. "ಈ ಸಲ ನಾನೇನೂ ತಿಂದಿಲ್ಲ ಡಾಕ್ಟ್ರೇ. ಗಣೇಶನ ಹಬ್ಬದಲ್ಲಿ ಕಡುಬನ್ನೂ ಮುಟ್ಟಲಿಲ್ಲ."

"ನಿಮ್ಮ ತಪ್ಪಲ್ಲಮ್ಮ. ಮಾಸು ತನ್ನ ರೂಪ ತಾಳೋದು ಮೊದಲ ತಿಂಗಳುಗಳಲ್ಲಿ. ಬಸುರು ಅಂತ ನಿಮಗೆ ಗೊತ್ತಾಗೋ ಹೊತ್ತಿಗೆ ಸಕ್ಕರೆ ಅದರ ಕೆಲಸ ಶುರು ಮಾಡಿತ್ತು. ಇನ್ನೊಂದು ಅನ್ಯಾಯ ಏನು ಗೊತ್ತಾ? ಸಕ್ಕರೆ ಏರಿಸೋ ರಸವನ್ನ ಈ ಮಾಸೇ ಹೊರಡಿಸುತ್ತೆ. ಏರಿದ ಸಕ್ಕರೆ ಬಂದು ಇದನ್ನೇ ಕೆಡಿಸುತ್ತೆ."

ಈಗಲೇ ಹೆರಿಗೆ ಮಾಡಿಸಿದರೆ ಎಂದು ಪಿಳ್ಳಮ್ಮ ಕೇಳಿದ್ದಕ್ಕೆ ವಾರಿಜ ಆಗದೆಂದು ತಲೆಯಾಡಿಸಿದರು. ಮಗುವಿನ ಶ್ವಾಸಕೋಶ ಇನ್ನೂ ಎಳೆಯದು. ಸಕ್ಕರೆ ಇರುವ ತಾಯಿಯ ಮಗುವಿಗೆ ಅದು ಬಲಿಯುವುದು ಇನ್ನೂ ತಡ. ಕೆಲವು ವಾರ ಒಳಗೇ ಇರಬೇಕು. ಇರಬೇಕಾದರೆ ಮಾಸು ದುಡಿಯಬೇಕು. ಅದಕ್ಕೊಂದೇ ದಾರಿ: ಹೆಪ್ಪು.

ಕೇಂದ್ರದ ಕಡತಗಳಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಆಯಾಗಳು ಹೆಪ್ಪು ಎಂದರು, ಡಾಕ್ಟರುಗಳ ಬಾಯಲ್ಲೂ ಅದೇ ನಿಂತಿತು. ಆರೋಗ್ಯವಾದ ಹೆರಿಗೆಯಲ್ಲಿ ಬಿದ್ದ ಮಾಸು ತಕ್ಷಣ ಸಾಯುವುದಿಲ್ಲ. ಕೆಲವು ತಾಸು ಅದರ ಎಳೆಗಳಲ್ಲಿ ಜೀವ ಇರುತ್ತದೆ. ಅಷ್ಟರೊಳಗೆ ಎಳೆಯ ಜೀವಕಣಗಳನ್ನು ಬಿಡಿಸಿ, ಸೀಸೆಯಲ್ಲಿ ಬೆಳೆಸಿ, ಕೂದಲಿನಂಥ ಸೂಜಿಯಿಂದ ಕೆಟ್ಟ ಮಾಸಿನೊಳಗೆ ಬಿಟ್ಟರೆ, ಒಂದು ಚಮಚ ಮೊಸರು ಗಡಿಗೆ ಹಾಲನ್ನು ಕೂಡಿಸುವ ಹಾಗೆ ಅವು ಅಲ್ಲಿ ಕಚ್ಚಿಕೊಂಡು ಹೊಸ ನಾಳಗಳನ್ನು ಹೊರಡಿಸುತ್ತವೆ. ಬೂದಿಯಾದ ಕಡೆ ಮತ್ತೆ ಕೆಂಪು ಹರಿಯುತ್ತದೆ. ಆದರೆ ಯಾರ ಹೆಪ್ಪು ಯಾರ ಹಾಲಿಗೂ ಕೂಡುವುದಿಲ್ಲ. ಹೊಂದಿಕೆ ನೋಡಬೇಕು. ಮೊದಲೇ ತೆಗೆದು ಎತ್ತಿಡುವುದಕ್ಕೂ ಆಗದು, ಹಿಮದಲ್ಲಿಟ್ಟರೆ ಸಾಯುತ್ತದೆ. ಆ ದಿನಗಳಲ್ಲಿ ತಾಲ್ಲೂಕಿನಲ್ಲಿ ಹೆರಬೇಕಾಗಿದ್ದ ಹೆಂಗಸರ ಪೈಕಿ ಶಶಿರೇಖಳಿಗೆ ಹೊಂದಿದ್ದು ಒಬ್ಬಳದ್ದೇ. ರೂಪಶ್ರೀಯದ್ದು.

ಹೆಸರು ಕೇಳಿ ಪಿಳ್ಳಮ್ಮನಿಗೆ ನೆನಪಾದದ್ದು ಆಂಜಿನಮ್ಮ.

ಮೂವತ್ತು ವರ್ಷದ ಹಿಂದೆ ಮಗ ಮುನಿಕೃಷ್ಣ ಹುಟ್ಟಿದಾಗ ಅವಳಿಗೆ ಬಾಣಂತಿ ಜ್ವರ ಬಂದು ಎದೆ ಬತ್ತಿತ್ತು. ಆಂಜಿನಮ್ಮ ತನ್ನ ಚೊಚ್ಚಲನ್ನು ಒಂದು ಮಗ್ಗುಲಿಗೆ, ಪಿಳ್ಳಮ್ಮನ ಮಗನನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡು ಕೂತಳು. ಅವನಿಗೆ ಹಲ್ಲು ಬರುವವರೆಗೂ ಹಾಗೇ. ಒಂದು ಸೀರೆ ಕೊಡಲು ಹೋದರೆ, "ಹಾಲಿಗೆ ಬೆಲೆ ಕಟ್ಟಿದ್ರೆ ಬತ್ತಿಹೋಗ್ತದೆ ಅಕ್ಕ," ಎಂದು ತಳ್ಳಿದಳು. ಶಶಿರೇಖ ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆಂಜಿನಮ್ಮ ಸತ್ತಾಗ ಬಾಯಿಗೆ ಹಾಲು ಬಿಡುವ ಸರದಿ ಬಂದರೆ ಪಿಳ್ಳಮ್ಮನ ಕೈ ಏಳಲೇ ಇಲ್ಲ. ಕುಡಿಸಿದವಳಿಗೆ ಇಷ್ಟೇನಾ ನಾನು ಕುಡಿಸಿದ್ದು ಎಂದು ಗೋಡೆಗೆ ಹಣೆ ಚಚ್ಚಿಕೊಂಡಿದ್ದಳು.

"ಕೂಡದೆ ಏನಾದಾತು?" ಎಂದಳು ಈಗ. "ನನ್ನ ಮಗ ಇವಳವ್ವನ ಹಾಲು ಕುಡಿದೋನು."

"ಹಾಲಿಗೂ ಇದಕ್ಕೂ ಸಂಬಂಧ ಇಲ್ಲಮ್ಮ," ಎಂದರು ವಾರಿಜ. ಆಮೇಲೆ ಸ್ವಲ್ಪ ನಕ್ಕು, "ನಮಗೆ ಗೊತ್ತಿರೋ ಮಟ್ಟಿಗೆ," ಎಂದು ಸೇರಿಸಿದರು.

ಬಸ್ಸಿನಲ್ಲಿ ಬರುವಾಗ ಶಶಿರೇಖ ಕಿಟಕಿಯ ಕಡೆ ಮುಖ ಮಾಡಿ, "ಅತ್ತೆ, ನಿಮ್ಮನೇಲಿ ಮಾಸು ಆಚೆ ಕೊಡೋ ಪದ್ಧತಿ ಇಲ್ವಲ್ಲ," ಎಂದಳು.

"ನಿಮ್ಮವ್ವಂಗೆ ಪರರ ಮಕ್ಕಳಿಗೆ ಹಾಲು ಕೊಡೋ ಪದ್ಧತಿ ಇತ್ತಾ? ಸುಮ್ನಿರು," ಎಂದು ಪಿಳ್ಳಮ್ಮ ಅವಳ ಕೈ ಹಿಡಿದುಕೊಂಡಳು. ಊರು ಬರುವವರೆಗೂ ಬಿಡಲಿಲ್ಲ.

ರೂಪಶ್ರೀಯನ್ನು ಮುಂಚೆಯೇ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಹೆರಿಗೆ ಮಾಡಿಸುವುದೆಂದು ಮಾತಾಗಿತ್ತು. ಹುಳು ಚಂದ್ರಿಕೆಗೆ ಬಿಟ್ಟು ಮುಗಿದ ಮಾರನೆಯ ದಿನ ಹೊರಡುವುದೆಂದು. ಹುಳು ಕಾಯಲಿಲ್ಲ, ಮಗುವೂ ಕಾಯಲಿಲ್ಲ. ಮಧ್ಯಾಹ್ನ ಅರ್ಧ ತಟ್ಟೆಗಳೂ ಮುಗಿಯುವ ಮೊದಲೇ ರೂಪಶ್ರೀ ಮಣೆಯಿಂದ ಎದ್ದಳು, ಎದ್ದಲ್ಲೇ ಗೋಡೆ ಹಿಡಿದು ನಿಂತಳು. ದ್ಯಾವಮ್ಮ ಅವಳ ಮುಖ ನೋಡಿ ತಮಾಷೆ ಮರೆತು, "ಲೇ ಮುನಿಕೃಷ್ಣ, ಫೋನು ಮಾಡೋ!" ಎಂದು ಕೂಗಿದಳು.

ಆರೋಗ್ಯ ಸಹಾಯಕಿ ನಗೀನಾ ಬೈಕಿನ ಹಿಂದೆ ಬಿಳಿ ಪೆಟ್ಟಿಗೆ ಕಟ್ಟಿಕೊಂಡು ಬಂದಳು. ರೇಷ್ಮೆ ನೂಲು ತೆಗೆಯುವ ಮನೆತನದ ಹುಡುಗಿ. ಹುಳುಮನೆಯ ವಾಸನೆ ಅವಳಿಗೆ ಹೊಸದಲ್ಲ. ಬಂದವಳೇ ಕೈ ತೊಳೆದು ಒಳಕೋಣೆ ಸೇರಿದಳು. ಆಂಬುಲೆನ್ಸ್ ದಾರಿಯಲ್ಲಿತ್ತು. ಮಗು ಅದಕ್ಕೂ ಮುಂಚೆ ಬಂತು. ಗಂಡು. ಅತ್ತಿತು. ಸ್ವಲ್ಪ ಹೊತ್ತಿಗೆ ಮಾಸೂ ಬಿತ್ತು, ಊಟದ ತಟ್ಟೆಯಗಲ, ಕೆಂಪಗೆ, ಮಿನುಗುತ್ತಾ. ನಗೀನಾ ಅದನ್ನೊಮ್ಮೆ ತಿರುಗಿಸಿ ನೋಡಿ, "ಎಷ್ಟು ಚೆನ್ನಾಗಿದೆ," ಎಂದಳು. ಅಷ್ಟರಲ್ಲಿ ರೂಪಶ್ರೀಗೆ ರಕ್ತ ಹೋಗತೊಡಗಿತು. ನಿಲ್ಲಲಿಲ್ಲ.

ನಗೀನಾಳ ಎರಡು ಕೈಯೂ ರೂಪಶ್ರೀಯ ಹೊಟ್ಟೆಯ ಮೇಲೆ. ತಿರುಗದೆಯೇ ಹೇಳಿದಳು: "ಅಮ್ಮ, ಮಾಸನ್ನ ಆ ಪೆಟ್ಟಿಗೆಯೊಳಗಿನ ನೀರಿಗೆ ಇಡಿ. ತೊಳೀಬೇಡಿ. ಫಿನಾಯಿಲು ಗಿನಾಯಿಲು, ಔಷಧಿ ಏನೂ ಸೋಕಿಸಬೇಡಿ. ಮುಚ್ಚಳ ಹಾಕಿ ಅಂಗಳದಲ್ಲಿಟ್ಟರೆ ಸಾಕು, ಡ್ರೋನು ಬಂದು ಎತ್ಕೊಂಡು ಹೋಗುತ್ತೆ."

ಪಿಳ್ಳಮ್ಮ ತೊಳೆಯಲಿಲ್ಲ. ಔಷಧಿ ಸೋಕಿಸಲಿಲ್ಲ. ಹುಳುಮನೆಗೆ ಸಿಂಪಡಿಸುವ ಪುಡಿಯ ವಾಸನೆ ಕೈಗಿದೆಯೇನೋ ಎಂದು ಬೂದಿ ಹಾಕಿ ಎರಡು ಸಲ ಕೈ ಉಜ್ಜಿ ಬಂದಳು. ಮಾಸನ್ನು ಎರಡೂ ಅಂಗೈಯಲ್ಲಿ ಎತ್ತಿ ಪೆಟ್ಟಿಗೆಯ ಬೆಚ್ಚನೆಯ ನೀರಿಗೆ ಇಳಿಸಿದಳು. ಅದು ಬಿಚ್ಚಿಕೊಂಡು ತೇಲಿತು, ಉಸಿರಾಡುತ್ತಿರುವ ಹಾಗೆ.

ಮುಚ್ಚಳಕ್ಕೆ ಕೈ ಹಾಕಿದವಳು ನಿಂತಳು.

ಬಿಳಿ ಪೆಟ್ಟಿಗೆ. ಒಳಗೆ ಬರಿ ನೀರು. ಮನೆಯಿಂದ ಹೆಣ್ಣುಮಗಳು ಹೊರಟರೆ ಮಡಿಲಿಗೆ ಒಂದು ಹಿಡಿ ಅಕ್ಕಿಯಾದರೂ ಹಾಕುತ್ತೇವೆ. ಹಸು ಮಾರಿದರೂ ಹಣೆಗೆ ಅರಿಶಿನ ಹಚ್ಚದೆ ಹಗ್ಗ ಕೈಗೆ ಕೊಡುವುದಿಲ್ಲ. ಇದು ಆಂಜಿನಮ್ಮನ ಮಗಳ ಹೊಟ್ಟೆಗೆ ಹೋಗುವುದು, ಅಲ್ಲಿ ಹೋಗಿ ಒಂದು ಜೀವ ಉಳಿಸಬೇಕಾದ್ದು. ಇದನ್ನು ಹೀಗೆ ಬರಿಮೈಯಲ್ಲಿ, ಕದ್ದ ಮಾಲಿನ ಹಾಗೆ ಕಳಿಸುವುದೇ?

ಅಡುಗೆಮನೆಯಿಂದ ಅರಿಶಿನದ ಭರಣಿ ತಂದಳು. ಧಾರಾಳವಾಗಿ ಉದುರಿಸಿದಳು. ಒಂದು ಚಿಟಿಕೆ ಕುಂಕುಮ. ದೃಷ್ಟಿಯಾಗದಿರಲೆಂದು ಒಂದು ಹಿಡಿ ಉಪ್ಪು, ಆಮೇಲೆ ಇರಲಿ ಎಂದು ಇನ್ನೊಂದು ಹಿಡಿ. ಮೇಲೊಂದು ಎಳೆ ವೀಳ್ಯದೆಲೆ. ನೀರು ಹಬ್ಬದ ನೀರಿನಂತೆ ಹಳದಿಯಾಯಿತು.

"ಹೋಗಿ ಬಾರಮ್ಮ," ಎಂದಳು, ಒಳಗಿನವರಿಗೆ ಕೇಳದ ಹಾಗೆ. "ಇವತ್ತಿಗೆ ನನ್ನ ಹಾಲಿನ ಋಣ ತೀರಲಿ."

ಮುಚ್ಚಳ ಹಾಕಿದಳು. ಅಂಗಳಕ್ಕೆ ಇಳಿದ ಡ್ರೋನು ಪೆಟ್ಟಿಗೆಯನ್ನು ಕಚ್ಚಿ ಎತ್ತಿಕೊಂಡು ಹಿಪ್ಪುನೇರಳೆ ತೋಟದ ಮೇಲೆ ಹಾದು ಹೋಯಿತು. ಅದು ಚುಕ್ಕೆಯಾಗುವವರೆಗೂ ಪಿಳ್ಳಮ್ಮ ಕೈ ಮುಗಿದುಕೊಂಡೇ ಇದ್ದಳು. ಆಂಬುಲೆನ್ಸ್ ಬಂದು ರೂಪಶ್ರೀಯನ್ನೂ ನಗೀನಾಳನ್ನೂ ಕರೆದುಕೊಂಡು ಹೋಯಿತು. ಉಳಿದ ಹುಳುಗಳನ್ನು ದ್ಯಾವಮ್ಮ ಪುರುಡಿನ ಮನೆಯೆಂದೂ ನೋಡದೆ ಕತ್ತಲಾಗುವವರೆಗೆ ಆರಿಸಿ ಮುಗಿಸಿ ಕೊಟ್ಟಳು.

ಜರಾಯು ಕೇಂದ್ರದಲ್ಲಿ ವಾರಿಜ ಕೈಗವಸು ಹಾಕಿಕೊಂಡು ಕಾಯುತ್ತಿದ್ದರು. ಶಶಿರೇಖಳನ್ನೂ ಆಗಲೇ ಕರೆಸಿ ಮಹಡಿಯ ವಾರ್ಡಿನಲ್ಲಿ ಮಲಗಿಸಿದ್ದರು. ಪೆಟ್ಟಿಗೆ ತೆರೆದಾಗ ಬಂದದ್ದು ರಕ್ತದ ವಾಸನೆಯಲ್ಲ, ದೇವರ ಮನೆಯ ವಾಸನೆ. ಹಳದಿ ನೀರಿನ ಮೇಲೆ ವೀಳ್ಯದೆಲೆ ದೋಣಿಯ ಹಾಗೆ ತಿರುಗುತ್ತಿತ್ತು.

ಉಪ್ಪು ಮಾಡುವ ಕೆಲಸ ಯಾರಿಗೆ ಗೊತ್ತಿಲ್ಲ? ಮಾವಿನಕಾಯಿಯ ಹೋಳಿನಿಂದ ನೀರು ಎಳೆಯುವ ಹಾಗೆ ಅದು ಎಳೆ ಎಳೆಯಿಂದಲೂ ನೀರೆಳೆದಿತ್ತು. ವಾರಿಜ ಬಿಡಲಿಲ್ಲ. ಮೇಲಿನ ಪದರ ತೆಗೆದು ಒಳಗಿನಿಂದ ಚೂರು ಕತ್ತರಿಸಿದರು, ಇನ್ನೂ ಒಳಗಿನಿಂದ ಕತ್ತರಿಸಿದರು. ಸೂಕ್ಷ್ಮದರ್ಶಕದ ಕೆಳಗೆ ಜೀವಕಣಗಳು ಮುದುಡಿದ ಒಣದ್ರಾಕ್ಷಿಯಂತೆ ಕಂಡವು. ಆದರೂ ಸೀಸೆಗಳಿಗೆ ಬಿಟ್ಟು ಬೆಚ್ಚಗಿಟ್ಟರು. ಮಾರನೆಯ ದಿನ ನೋಡಿದರು, ಅದರ ಮಾರನೆಯ ದಿನವೂ ನೋಡಿದರು. ಒಂದು ಸೀಸೆಯೂ ಕೂಡಲಿಲ್ಲ.

"ನಾನು ಹೇಳಿದ್ದೆ ಮೇಡಂ," ಎಂದಳು ನಗೀನಾ, ಗೋಡೆಗೆ ಒರಗಿಕೊಂಡು. "ಔಷಧಿ ಏನೂ ಹಾಕಬೇಡಿ ಅಂತ ಹೇಳಿದ್ದೆ."

"ಅರಿಶಿನಾನ ಔಷಧಿ ಅಂತ ಯಾರು ಅಂದುಕೋತಾರೆ ನಗೀನಾ? ನಮ್ಮಮ್ಮ ನನಗೆ ಕೆಲಸ ಸಿಕ್ಕಿದ ಆರ್ಡರಿಗೇ ಅರಿಶಿನ ಹಚ್ಚಿದ್ದರು." ವಾರಿಜ ಕೈಗವಸು ಕಳಚಿದರು. "ಏನೇನು ಹಾಕಬಾರದು ಅಂತ ನಾವು ಕೂತು ಯೋಚನೆ ಮಾಡಿದೆವು. ನಮ್ಮ ಮನೆಗಳಲ್ಲಿ ಏನು ಹಾಕ್ತಾರೆ ಅಂತ ಯೋಚನೆ ಮಾಡಲಿಲ್ಲ."

ಗೂಡು ಬಿಡಿಸುವ ದಿನ ನಗೀನಾ ಊರಿಗೆ ಬಂದಳು. ಅಂಗಳದ ಬಿಸಿಲಿನಲ್ಲಿ ಪಿಳ್ಳಮ್ಮ ಚಂದ್ರಿಕೆ ಮುಂದಿಟ್ಟುಕೊಂಡು ಗೂಡು ಕೀಳುತ್ತಿದ್ದಳು. ಪಕ್ಕದ ಮೊರದಲ್ಲಿ ಮೊಮ್ಮಗ ಮಲಗಿದ್ದ. ರೂಪಶ್ರೀ ಇನ್ನೂ ಆಸ್ಪತ್ರೆಯಲ್ಲಿ, ರಕ್ತ ಹಾಕಿಸಿಕೊಳ್ಳುತ್ತಿದ್ದಳು. ನಗೀನಾಳ ಕೈಯಲ್ಲಿ ಅದೇ ಬಿಳಿ ಪೆಟ್ಟಿಗೆ ನೋಡಿ ಪಿಳ್ಳಮ್ಮನ ಮುಖ ಅರಳಿತು.

"ಕೂಡ್ತೇನಮ್ಮ ಹೆಪ್ಪು?"

ನಗೀನಾ ಪೆಟ್ಟಿಗೆಯನ್ನು ಜಗುಲಿಯ ಮೇಲಿಟ್ಟು, ಹತ್ತಿರ ಕೂತು, ನಿಧಾನವಾಗಿ ಹೇಳಿದಳು. ಪಿಳ್ಳಮ್ಮ ಕೇಳುತ್ತಾ ಗೂಡು ಕೀಳುತ್ತಲೇ ಇದ್ದಳು. ಕೈ ತಾನಾಗಿ ನಿಂತಿತು.

"ಅರಿಶಿನವಾ?"

"ಅರಿಶಿನಕ್ಕಿಂತ ಉಪ್ಪು, ಅಮ್ಮ."

"ನಾನು ತೊಳೀಲಿಲ್ಲ ಕಣಮ್ಮ. ನೀನು ಹೇಳಿದಂಗೇ ತೊಳೀಲಿಲ್ಲ."

"ಗೊತ್ತಮ್ಮ."

"ಒಂದು ಹಿಡಿ ಸಾಕಿತ್ತು," ಎಂದಳು ಪಿಳ್ಳಮ್ಮ. "ಎರಡನೇ ಹಿಡಿ ಯಾಕೆ ಹಾಕಿದೆನೋ."

ಒಂದು ಹಿಡಿಗೂ ಅದು ಸಾಯುತ್ತಿತ್ತು ಎಂದು ನಗೀನಾ ಹೇಳಲಿಲ್ಲ. ಪಿಳ್ಳಮ್ಮ ಎದ್ದು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಪಕ್ಕ ತಾನೇ ಗುಂಡಿ ತೋಡಿದಳು. ಪೆಟ್ಟಿಗೆಯಲ್ಲಿ ಮರಳಿ ಬಂದಿದ್ದ ಮಾಸನ್ನು ಹೊಸ ಕುಡಿಕೆಗೆ ಇಳಿಸಿದಳು. ಪದ್ಧತಿಯಂತೆ ಹಾಕಬೇಕಾದ್ದೆಲ್ಲ ಆಗಲೇ ಹಾಕಿಯಾಗಿತ್ತು. ಮಣ್ಣೆಳೆದು ಚಪ್ಪಡಿ ಮುಚ್ಚಿದಳು. ದ್ಯಾವಮ್ಮ ಹೇಳಿದ್ದಂತೆ ಪಿಳ್ಳಮ್ಮನ ಮೊಮ್ಮಗನಿಗೆ ಊರಲ್ಲಿ ಕಾಲು ನಿಂತಿತು. ಯಾರ ಕಾಲು ಕಿತ್ತು ನಿಲ್ಲಿಸಿದ ಹಾಗಾಯಿತೋ ಎಂದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

ಕೇಂದ್ರದವರು ಪಕ್ಕದ ಜಿಲ್ಲೆಗಳಲ್ಲೆಲ್ಲ ಹುಡುಕಿದರು. ಹೊಂದುವ ಇನ್ನೊಂದು ಮಾಸು ಸಿಗಲಿಲ್ಲ. ತೆರೆಯ ಮೇಲೆ ದಿನದಿನಕ್ಕೂ ಬೂದಿ ಹಬ್ಬುತ್ತಿತ್ತು. ಶಶಿರೇಖ ಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಒದೆತಕ್ಕೆ ಕಾಯುತ್ತಿದ್ದಳು. ಒದ್ದರೆ ನರ್ಸಿಗೆ ಹೇಳುತ್ತಿದ್ದಳು, ಒದೆಯದಿದ್ದರೂ ಒದೆಯಿತೆಂದು ಹೇಳುತ್ತಿದ್ದಳು. ಒಂದು ಬೆಳಿಗ್ಗೆ ಹೊಟ್ಟೆಗೆ ಕಟ್ಟಿದ ಪಟ್ಟಿ ಬೇರೆಯೇ ಹೇಳಿತು. ವಾರಿಜ ಇನ್ನು ಕಾಯಲಿಲ್ಲ.

ಹೆಣ್ಣುಮಗು. ನೋಡುವುದಕ್ಕೆ ದಿನ ತುಂಬಿದ ಮಗುವಿನಂತೆ ತುಂಬು ಕೆನ್ನೆ, ಮಡಿಕೆ ಬಿದ್ದ ತೋಳು. ಶ್ವಾಸಕೋಶ ಮಾತ್ರ ಬಿಚ್ಚದ ಮೊಗ್ಗು. ಯಂತ್ರ ಅದರ ಪರವಾಗಿ ಉಸಿರಾಡಿತು. ಮಾರನೆಯ ಸಂಜೆಯವರೆಗೆ ಆಡಿತು.

ವಾರಿಜ ಶಶಿರೇಖಳ ಮಾಸನ್ನು ತಾವೇ ತೂಗಿದರು. ಭಾರವಾಗಿತ್ತು, ಬೆಳ್ಳಗೆ ಊದಿಕೊಂಡು, ನೀರು ಕುಡಿದ ಹಲಗೆಯ ಹಾಗೆ. ಅಷ್ಟು ದೊಡ್ಡ ದೇಹ ಕಟ್ಟಿಕೊಂಡು ಒಂದು ಉಸಿರನ್ನು ದಾಟಿಸಲಾಗದೆ ಸೋತದ್ದು. ಪರೀಕ್ಷೆಗೆ ಒಂದು ಚೂರು ಇಟ್ಟುಕೊಂಡು ಉಳಿದದ್ದನ್ನು ಮಗುವಿನ ಜೊತೆಗೇ ಕೊಟ್ಟರು. ನಡೆದದ್ದನ್ನು ಶಶಿರೇಖಳಿಗೆ ತಾವೇ ಹೇಳಿದರು, ಉಪ್ಪು ಅರಿಶಿನ ಎಲ್ಲವನ್ನೂ. ಬೇರೆಯವರ ಬಾಯಿಂದ ಕೇಳುವುದು ಬೇಡವೆಂದು.

ಮುಂದೆ ಕೇಂದ್ರದಿಂದ ಹೊರಟ ಬಿಳಿ ಪೆಟ್ಟಿಗೆಗಳ ಮುಚ್ಚಳದ ಮೇಲೆಲ್ಲ ದಪ್ಪ ಅಕ್ಷರದಲ್ಲಿ ಒಂದು ಸಾಲು ಬಂತು: 'ಅರಿಶಿನ, ಕುಂಕುಮ, ಉಪ್ಪು, ಎಲೆ ಹಾಕಬೇಡಿ. ಹೀಗೇ ಕಳಿಸುವುದೇ ಮಂಗಳ.' ಕೊನೆಯ ಮಾತನ್ನು ಬರೆಸಿದ್ದು ನಗೀನಾ. ಆ ಸಾಲಿನಿಂದ ಎಷ್ಟೋ ಮಾಸುಗಳು ಉಳಿದವು, ಎಷ್ಟೋ ಹೆಪ್ಪು ಕೂಡಿದವು. ಅದು ಯಾವ ಮಗುವಿನ ಬೆಲೆಯೆಂದು ಪೆಟ್ಟಿಗೆ ಹೊತ್ತವರಿಗೆ ಗೊತ್ತಿರಲಿಲ್ಲ.

ಎರಡು ಮನೆಯ ಪುರುಡು, ಸೂ‌ತಕಗಳೂ ಕಳೆದವು. ರೂಪಶ್ರೀ ಬದುಕಿ ಮನೆಗೆ ಬಂದಳು, ಆದರೆ ರಕ್ತದ ಜೊತೆ ಹಾಲೂ ಹೋಗಿತ್ತು. ಮಗುವಿಗೆ ಡಬ್ಬಿ ಹಾಲು ಒಗ್ಗಲಿಲ್ಲ. ಕುಡಿದದ್ದನ್ನು ಕಕ್ಕುವುದು, ಹಸಿದು ಕಿರುಚುವುದು. ಡಬ್ಬಿ ಬದಲಾಯಿಸಿದರು, ಆಕಳ ಹಾಲಿಗೆ ನೀರು ಬೆರೆಸಿ ನೋಡಿದರು. ಆ ಅಳು ಎರಡು ಬೀದಿಗೂ ಕೇಳುತ್ತಿತ್ತು.

ಒಂದು ಬೆಳಿಗ್ಗೆ ಪಿಳ್ಳಮ್ಮ ಹೊಸ ಮರಿಹುಳುಗಳಿಗೆ, ಯಂತ್ರಕ್ಕೆ ಹಾಕದೆ ಕೈಯಲ್ಲೇ, ಎಳೆಸೊಪ್ಪು ಹೆಚ್ಚುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ ನೆರಳು ಬಿತ್ತು. ಶಶಿರೇಖ. ಇಳಿದುಹೋಗಿದ್ದಳು. ರವಿಕೆಯ ಮುಂಭಾಗ ಒದ್ದೆಯಾಗಿತ್ತು. ಪಿಳ್ಳಮ್ಮ ಕುಡುಗೋಲು ಕೆಳಗಿಟ್ಟು ಎದ್ದಳು. ಅವಳ ಮನೆಗೆ ಹೋಗಲು ಎಷ್ಟು ದಿನ ಹೊರಟು, ಎಷ್ಟು ದಿನ ಬೀದಿ ತಿರುವಿನಿಂದ ವಾಪಸು ಬಂದಿದ್ದಳೋ.

"ಶಶಿ..."

"ಕಿವಿ ಮುಚ್ಚಿಕೊಂಡ್ರೂ ಕೇಳ್ತದೆ ಅತ್ತೆ ಇವನ ಅಳು. ಕೇಳಿದಾಗೆಲ್ಲ ಇದು ಇಳೀತದೆ." ತನ್ನ ಎದೆಯ ಕಡೆ ನೋಡಿಕೊಂಡಳು, ಯಾರದೋ ವಸ್ತುವನ್ನು ನೋಡುವ ಹಾಗೆ. "ನೆಲಕ್ಕೆ ಹಿಂಡಿ ಹಿಂಡಿ ಸಾಕಾಯ್ತು. ಕೊಡು ಇಲ್ಲಿ."

ಒಳಗಿನಿಂದ ರೂಪಶ್ರೀ ಗೋಡೆ ಹಿಡಿದು ಬಂದು ಮಗುವನ್ನು ಅವಳ ಕೈಗಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು. ಶಶಿರೇಖ ಹುಳುಮನೆಯ ಜಗುಲಿಯ ಮೇಲೆ ಗೋಡೆಗೆ ಒರಗಿ ಕೂತಳು. ಮಗು ತಡಕಾಡಿತು, ಕಚ್ಚಿಕೊಂಡಿತು. ಅಳು ನಿಂತಿತು. ಒಳಗೆ ಮರಿಹುಳುಗಳು ಸೊಪ್ಪು ಮೇಯುವ ಸದ್ದು ಮಾತ್ರ ಉಳಿಯಿತು, ದೂರದಲ್ಲಿ ಸೋನೆ ಹಿಡಿದ ಹಾಗೆ. ಮೂವತ್ತು ವರ್ಷದ ಹಿಂದೆ ಇದೇ ಜಗುಲಿಯ ಇದೇ ಮೂಲೆಯಲ್ಲಿ ಆಂಜಿನಮ್ಮ ಕೂರುತ್ತಿದ್ದದ್ದು. ಮಗಳಿಗೆ ಅದು ಗೊತ್ತಿರಲಾರದು.

ಶಶಿರೇಖ ಮಗುವಿನ ತಲೆಯಿಂದ ಕಣ್ಣು ತೆಗೆಯದೆ, "ಅರಿಶಿನ ಹಾಕಿ ಕಳಿಸಿದೆಯಂತೆ," ಎಂದಳು.

"ಹೂಂ."

"ನಮ್ಮವ್ವ ಇದ್ದಿದ್ರೂ ಅಂಗೇ ಕಳಿಸ್ತಿದ್ಲು."

ಅದು ಸಮಾಧಾನದ ಮಾತೋ, ತಾಯಿಯ ಮೇಲೂ ಇವಳ ಮೇಲೂ ಒಟ್ಟಿಗೇ ಹೊರಿಸಿದ ದೂರೋ ಪಿಳ್ಳಮ್ಮನಿಗೆ ತಿಳಿಯಲಿಲ್ಲ.

ಮಗು ನಿದ್ದೆಹೋಯಿತು. ಶಶಿರೇಖ ಅದನ್ನು ಪಿಳ್ಳಮ್ಮನ ತೋಳಿಗೆ ದಾಟಿಸಿ, ಸೀರೆ ಸರಿಮಾಡಿಕೊಂಡು ಹೊರಟಳು. ಮುತ್ತೈದೆ ಮನೆಗೆ ಬಂದು ಹೋಗುವಾಗ ಅರಿಶಿನ ಕುಂಕುಮ ಕೊಡದೆ ಕಳಿಸಿದವಳಲ್ಲ ಪಿಳ್ಳಮ್ಮ. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಭ್ಯಾಸಬಲದಿಂದ ಅಡುಗೆಮನೆಗೆ ಹೋದಳು. ಭರಣಿ ಅದರ ಜಾಗದಲ್ಲೇ ಇತ್ತು. ಕೈ ಅದರವರೆಗೂ ಹೋಯಿತು. ಮುಚ್ಚಳ ತೆಗೆಯಲಾಗಲಿಲ್ಲ.

ಬರಿಗೈಯಲ್ಲಿ ಹೊರಗೆ ಬಂದಳು. ಶಶಿರೇಖ ಹೊಸಿಲ ಬಳಿ ನಿಂತಿದ್ದಳು, ಅವಳೂ ಅಭ್ಯಾಸಬಲದಿಂದಲೇ. ಪಿಳ್ಳಮ್ಮನ ಕೈ ನೋಡಿದಳು.

"ಬ್ಯಾಡ ಬಿಡು ಅತ್ತೆ."

ಎರಡು ಮೆಟ್ಟಿಲಿಳಿದು ತಿರುಗಿ, "ಸಂಜೆ ಬರ್ತೀನಿ. ನಾಳೆ ಬೆಳಿಗ್ಗೇನೂ ಬರ್ತೀನಿ. ಅಲ್ಲೀವರೆಗೆ ಡಬ್ಬಿದು ಏನೂ ಹಾಕಬೇಡ ಅವನಿಗೆ," ಎಂದಳು. ಕರಿಬೇವಿನ ಗಿಡದ ಪಕ್ಕದ ಚಪ್ಪಡಿಯನ್ನು ಬಳಸಿಕೊಂಡು ಹೋದಳು.

ಪಿಳ್ಳಮ್ಮ ಅಲ್ಲೇ ನಿಂತಳು. ಮಗುವಿನ ತುಟಿಯಂಚಿನಲ್ಲಿ ಹಾಲು ನಿಂತಿತ್ತು. ಒರೆಸಲು ಸೆರಗು ಎತ್ತಿದಳು, ಒರೆಸದೆ ಹಾಗೇ ಇಳಿಸಿದಳು.